ದವಡೆಯ ಹಿಂದಿನ ಕಿರುಬೆರಳು

ಚಿಕ್ಕಮ್ಮ ಮೂರನೇ ಸಲ ಅಕ್ಕನ ಗದ್ದವನ್ನು ಕೆಳಗಿನಿಂದ ಒತ್ತಿ ಹಿಡಿದಳು. ಕೈ ತೆಗೆದದ್ದೇ ತಡ, ಬಾಯಿ ಮತ್ತೆ ತೆರೆದುಕೊಂಡಿತು. ಬೆಳಗಿನ ಜಾವ ಹೋದ ಜೀವ. ಇನ್ನೇನು ಜನ ನೋಡಲು ಬರುವ ಹೊತ್ತು. ಬಟ್ಟೆ ಕಟ್ಟೋಣವೆಂದರೆ ಭಾವ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಹಲ್ಲುನೋವಿನವಳ ಹಾಗೆ ಅವಳನ್ನು ಕಳಿಸುವುದು ಬೇಡ ಎಂದು ಗೋಡೆಯ ಕಡೆ ತಿರುಗಿ ಕೂತಿದ್ದರು.

ಅಕ್ಕನ ಮಗಳು ತನ್ನ ವರ್ಷದ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಅದು ಅತ್ತಾಗಲೆಲ್ಲ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಉಬ್ಬುತ್ತಿತ್ತು. ಹರ್ನಿಯಾ. ಮುಂದಿನ ವಾರ ಆಪರೇಷನ್. ಬೆಳಿಗ್ಗೆ ತೀರಿಕೊಂಡ ಈ ಅಜ್ಜಿ ಅರಿವಳಿಕೆಯ ಡಾಕ್ಟರು; ಮಗುವಿನ ತಲೆಯ ಹತ್ತಿರ ನಾನೇ ಕೂರುತ್ತೇನೆ ಎಂದು ಮಾತು ಕೊಟ್ಟಿದ್ದಳು. ಈಗ ಮಗಳು ಆಪರೇಷನ್ನೇ ಬೇಡ ಎಂದುಬಿಟ್ಟಿದ್ದಳು. ಗಂಟು ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು ಎಂದು ಗೊತ್ತಿದ್ದರೂ, ಕೂಸಿನ ಉಸಿರನ್ನು ಬೇರೆಯವರ ಕೈಗೆ ಕೊಡಲು ಅವಳಿಗೆ ಧೈರ್ಯ ಸಾಲದು.

*

ಮೊದಲೆಲ್ಲ ಮನೆಯಲ್ಲಿ ಅಪ್ಪನ ಗೊರಕೆ ಜೋರಾದರೆ ಅಮ್ಮ ನಿದ್ದೆಗಣ್ಣಲ್ಲೇ ಕೈಚಾಚಿ ಅವರ ದವಡೆ ಎತ್ತಿ ಸದ್ದಡಗಿಸುತ್ತಿದ್ದಳು. ನಿನ್ನ ಡಾಕ್ಟರಿಕೆ ಇಷ್ಟೇ ತಾನೆ ಎಂದು ಮಗಳು ಗೇಲಿ ಮಾಡುತ್ತಿದ್ದಳು. ಕಾಲೇಜಿನ ದಿನಗಳಲ್ಲಿ ಒಮ್ಮೆ, ಬಂದು ನೋಡು ಎಂದು ಅಮ್ಮ ಅವಳನ್ನು ಆಪರೇಷನ್ ಕೋಣೆಗೆ ಕರೆದೊಯ್ದಳು.

ಮೇಜಿನ ಮೇಲೆ ಅಂಗೈಯಗಲದ ಮುಖದ ಕೂಸು, ಅದಕ್ಕೂ ಹರ್ನಿಯಾ. ಗಂಟಲಿಗಿಳಿಸುವ ಕೊಳವೆ ಕೈಗೆಟುಕುವಲ್ಲಿ ಸಿದ್ಧವಿತ್ತು. ಹೊಟ್ಟೆ ಖಾಲಿಯಿದೆ, ಉಸಿರು ಸಲೀಸಾಗಿದೆ, ಚಿಕ್ಕ ಆಪರೇಷನ್ನು, ಮಾಸ್ಕ್ ಸಾಕು ಎಂದಳು ಅಮ್ಮ. ಎಡಗೈಯಲ್ಲಿ ಮಾಸ್ಕ್, ಬಲಗೈಯಲ್ಲಿ ಉಸಿರಿನ ಚೀಲ. ಚೀಲ ಉಬ್ಬುತ್ತಿತ್ತು, ಕುಗ್ಗುತ್ತಿತ್ತು.

"ಕೊಳವೆ ಯಾವಾಗ ಹಾಕ್ತೀಯ?"

"ಮಗು ಬೇಕು ಅಂದಾಗ. ಒಂದು ಉಸಿರು ತಡೆದ್ರೂ ಈ ಬೆರಳಿಗೆ ಗೊತ್ತಾಗುತ್ತೆ. ಆಮೇಲೆ ನನ್ನ ಹಟ ನಡಿಯಲ್ಲ."

ಅವಳ ಕಿರುಬೆರಳು ದವಡೆಯ ಮೂಲೆಯಲ್ಲಿ, ಎಲುಬಿನ ಹಿಂದೆ ಕೂತಿತ್ತು. ಮಾಂಸ ಒತ್ತಿದರೆ ನಾಲಗೆ ಹಿಂದೆ ಸರಿದು ದಾರಿ ಮುಚ್ಚುತ್ತದೆ, ಅದಕ್ಕೇ ಎಲುಬು ಹಿಡಿಯಬೇಕು ಎಂದಳು. ಸರ್ಜನ್ ಹೊಲಿಗೆ ಮುಗಿಸುವವರೆಗೂ ಆ ಕೈ ಕದಲಲಿಲ್ಲ. ಒಂದು ಇಡೀ ಜೀವ ಅಮ್ಮನ ಕಿರುಬೆರಳಿನ ಮೇಲೆ ನಿಂತಿರುವುದನ್ನು ಮಗಳು ಕಣ್ಣಾರೆ ಕಂಡಳು. ಮತ್ತೆಂದೂ ಅವಳು ಗೇಲಿ ಮಾಡಲಿಲ್ಲ.

*

ಅಮ್ಮನ ಕೈಕೆಳಗೆ ಕೆಲಸ ಕಲಿತ ಡಾಕ್ಟರು, ಮೂವತ್ತರ ಹೆಂಗಸು, ಆಸ್ಪತ್ರೆಯಿಂದ ನೇರ ಬಂದಳು. ಚಿಕ್ಕಮ್ಮನ ಪರದಾಟ ನೋಡಿ ಪಕ್ಕದಲ್ಲಿ ಕೂತಳು.

"ಅದು ಮಾಂಸ, ಆಂಟಿ. ಎಲುಬು ಹಿಡೀಬೇಕು. ಬಿಡಿ, ನಾನು ಹಿಡ್ಕೋತೀನಿ."

ಅವಳ ಎಡಗೈ ಹೋಗಿ ದವಡೆಯಲ್ಲಿ ಕೂತಿತು. ಬಾಯಿ ಮುಚ್ಚಿತು. ಎಷ್ಟು ಹೊತ್ತು ಹೀಗೆ ಎಂದು ಚಿಕ್ಕಮ್ಮ ಕೇಳಿದ್ದಕ್ಕೆ, ದವಡೆ ಬಿಗಿದು ತಾನಾಗಿ ನಿಲ್ಲುವವರೆಗೆ ಎಂದಳು. ಜನ ಬಂದರು, ಹೋದರು. ಆ ಕೈ ಕದಲಲಿಲ್ಲ. ಗೋಡೆಯ ಕಡೆ ಮುಖ ಮಾಡಿದ್ದ ಅಪ್ಪ ತಿರುಗಿ ನೋಡಿದರು. ಹೆಂಡತಿಯ ದವಡೆಯಲ್ಲಿ ಹೆಂಡತಿಯದೇ ಕೈ ಕಂಡಂತಾಗಿ, ಬೆಳಗಿನಿಂದ ಅಳದಿದ್ದವರು ಬಿಕ್ಕಿ ಬಿಕ್ಕಿ ಅತ್ತರು.

ಕೂಸು ಅತ್ತು ಸುಸ್ತಾಗಿ ನಿದ್ದೆಹೋಗಿತ್ತು. ಮಗಳು ಬಂದು ಡಾಕ್ಟರ ಪಕ್ಕ ಕೂತಳು.

"ಮುಂದಿನ ವಾರ ನೀವು ಬಿಡುವಾಗಿರ್ತೀರಾ?"

"ಮೇಡಂ ಹಾಗೆ ನಂಗೆ ಬರಲ್ಲ," ಎಂದಳು ಡಾಕ್ಟರು. ಹಿಡಿದ ದವಡೆಯನ್ನೇ ನೋಡುತ್ತ, "ಆದ್ರೆ ಕೈ ತೆಗಿಯಲ್ಲ," ಎಂದಳು.

ಮಗಳು ಕೂಸನ್ನು ಅವಳ ಮಡಿಲಲ್ಲಿ ಮಲಗಿಸಿದಳು. ಅದರ ತಲೆ ವಾಲಿ ಸಣ್ಣಗೆ ಗೊರಕೆ ಶುರುವಾಯಿತು. ಡಾಕ್ಟರ ಎಡಗೈ ಅಮ್ಮನ ದವಡೆಯಲ್ಲೇ ಇತ್ತು. ಬಲಗೈಯ ಕಿರುಬೆರಳು, ಯಾರೂ ಹೇಳದೆ, ಕೂಸಿನ ದವಡೆಯ ಹಿಂದೆ ಹೋಗಿ ಕೂತಿತು. ಗೊರಕೆ ನಿಂತಿತು.