ಬೆವರುವ ಗೋಡೆ

ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತರಾದ ನರ್ಸಮ್ಮ ಎರಡು ಕೋಣೆಯ ಪುಟ್ಟ ಮನೆಯೊಂದನ್ನು ಕೊಂಡು ಬಾಡಿಗೆಗೆ ಬಿಟ್ಟಿದ್ದರು. ಎರಡೇ ವರ್ಷದಲ್ಲಿ ಮೂರು ಸಂಸಾರಗಳು ಬಂದು ಹೋದವು. ಎಲ್ಲರದೂ ಒಂದೇ ದೂರು: ಮಲಗುವ ಕೋಣೆಯ ಗೋಡೆ ಬೆವರುತ್ತದೆ, ಬಟ್ಟೆಬರೆಗೆ ಬೂಷ್ಟು ಹಿಡಿಯುತ್ತದೆ.

ಕೊನೆಯವಳು ಪುಸ್ತಕಗಳಿಗೆ ರಟ್ಟು ಕಟ್ಟುವ ಹೆಂಗಸು. "ಕಿಟಕಿ ತೆಗೆದಿಟ್ರೆ ತಾನೇ ಗಾಳಿ ಬರೋದು? ದಿನವಿಡೀ ಮುಚ್ಚಿಟ್ಟು ನನ್ನ ಗೋಡೇನ ದೂರ್ತೀಯಲ್ಲ" ಎಂದು ನರ್ಸಮ್ಮ ಅವಳ ಬಾಯಿ ಮುಚ್ಚಿಸಿದ್ದರು. ಅವಳು ಬೀಗದ ಕೈ ಮೇಜಿನ ಮೇಲಿಟ್ಟು, ಕೆಮ್ಮುತ್ತಿದ್ದ ಮಗಳ ಕೈ ಹಿಡಿದು ಹೊರಟುಹೋದಳು.

ಮನೆ ಖಾಲಿಯಾಗಿದ್ದೇ ತಡ, ದಲ್ಲಾಳಿ ಹಾಜರಾದ. "ಎರಡು ಕೋಟು ಬಣ್ಣ ಬಳಿಸಿಬಿಡಿ ಅಕ್ಕ. ಬಿಸಿಲಿರೋವಾಗ್ಲೇ ಹೊಸಬರಿಗೆ ತೋರಿಸಿ ದಾಟಿಸಿಬಿಡೋಣ."

ತಮ್ಮನದು ಬೇರೆಯೇ ರಾಗ. "ಬಾಡಿಗೆಯವರು ಅಂದ್ಮೇಲೆ ಗೊಣಗೋದೇ. ಮಾರಿಬಿಡು, ತಲೆನೋವು ತಪ್ಪುತ್ತೆ."

ಆದರೆ ನರ್ಸಮ್ಮನಿಗೆ ಆ ಹುಡುಗಿಯ ಕೆಮ್ಮು ಕಿವಿಯಿಂದ ಹೋಗಲೊಲ್ಲದು. "ಮೂರು ಜನ ರೋಗಿಗಳು ಒಂದೇ ಜಾಗ ತೋರಿಸಿ ನೋವು ಅಂದಿದ್ರೆ, ಸುಳ್ಳು ಅಂತಿದ್ನಾ ನಾನು?" ಎಂದವರೇ ಹಾಸಿಗೆ ಸುತ್ತಿಕೊಂಡು ಆ ಮನೆಗೆ ಹೋಗಿ ತಾವೇ ಉಳಿದರು. ಹಗಲೆಲ್ಲ ಕಿಟಕಿ ತೆರೆದೇ ಇಟ್ಟರು. ನಾಲ್ಕನೇ ದಿನಕ್ಕೆ ತಲೆದಿಂಬು ತೇವದಿಂದ ತಣ್ಣಗಾಯಿತು. ವಾರದೊಳಗೆ ಉಣ್ಣೆಯ ಶಾಲಿನ ಅಂಚಿಗೆ ಹಸಿರು ಬೂಷ್ಟು! ಅದನ್ನು ಕೈಯಲ್ಲಿ ಹಿಡಿದು ನಿಂತವರಿಗೆ ನಾಚಿಕೆಯಿಂದ ಮುಖ ಬಿಸಿಯಾಯಿತು.

ಪ್ಲಂಬರ್ ಬಂದು ಗೋಡೆಗೆ ಬೆರಳು ತಟ್ಟಿದ. "ಇದರಲ್ಲಿ ಪೈಪೇ ಇಲ್ಲಮ್ಮ. ನೆಲದ ತೇವ ಅಷ್ಟೇ."

ನರ್ಸಮ್ಮ ಪೆಟ್ಟಿಗೆಯಿಂದ ಸ್ಟೆತಸ್ಕೋಪ್ ತೆಗೆದು ಕಿವಿಗೆ ಸಿಕ್ಕಿಸಿಕೊಂಡರು. ಪ್ಲಂಬರಿಗೆ ನಗು ತಡೆಯಲಾಗಲಿಲ್ಲ. "ಗೋಡೆಗೆ ಎಷ್ಟು ತಿಂಗಳಮ್ಮ?"

"ದಿನ ತುಂಬಿದೆ. ಸುಮ್ನಿರು."

ಅದನ್ನು ಗೋಡೆಗೊತ್ತಿ ಅಂಗುಲ ಅಂಗುಲವಾಗಿ ಸರಿಯುತ್ತ, ಕಿಟಕಿಯಿಂದ ಎರಡು ಗೇಣು ಈಚೆಗೆ ನಿಂತರು. ಸಣ್ಣಗೆ, ಬಿಡದೆ, ಸುಯ್ಯೆನ್ನುವ ಸದ್ದು.

"ಇಲ್ಲಿ ಒಡಿ."

"ಏನೂ ಸಿಗದಿದ್ರೆ?"

"ಗೋಡೆ ನಂದು. ಒಡಿ."

ಮೂರನೇ ಏಟಿಗೆ ಗಾರೆ ಕಳಚಿ ಬಿತ್ತು. ನೂಲಿನಷ್ಟು ಸಣ್ಣ ನೀರಿನ ಧಾರೆ ಅವನ ಮೂಗಿಗೇ ಚಿಮ್ಮಿತು. ಹಿಂದಿನ ಮಾಲೀಕರು ಯಾವಾಗಲೋ ಅಲ್ಲಿದ್ದ ಬಚ್ಚಲು ಕೆಡವಿ, ನೀರಿನ ಸಂಪರ್ಕ ಕಡಿಯದೆ ಪೈಪನ್ನು ಹಾಗೆಯೇ ಹೂತುಬಿಟ್ಟಿದ್ದರು. "ಸೋತೆ ತಾಯಿ" ಎಂದು ಅವನು ಮುಖ ಒರೆಸಿಕೊಂಡ. ನರ್ಸಮ್ಮ ಚಪ್ಪಾಳೆ ತಟ್ಟಿ ಮನೆ ತುಂಬುವಂತೆ ನಕ್ಕರು.

ಆ ಪೈಪಿನ ಸಂಪರ್ಕ ಕಡಿಸಿದ ಮೇಲೆ ಗೋಡೆ ಒಣಗಲು ತಿಂಗಳು ಹಿಡಿಯಿತು. ಆಮೇಲೆ ಅವರು ರಟ್ಟಿನವಳ ಅಂಗಡಿಗೆ ತಾವೇ ನಡೆದು ಹೋದರು. "ನೀನು ಹೇಳಿದ್ದೇ ನಿಜ. ಕಿವಿಗೊಡದೆ ಬೈದೆ. ತಪ್ಪಾಯ್ತು. ಈಗ ಗೋಡೆ ಒಣಗಿದೆ, ಮತ್ತೆ ಬಾ."

ಅವಳು ಅಂಟಿನ ಕೈ ಒರೆಸಿಕೊಳ್ಳುತ್ತ, "ಪರೀಕ್ಷೆ ಮಾಡದೆ ಬರಲ್ಲ" ಎಂದಳು.

"ಮಾಡದೆ ಬಾ ಅಂದೋರ್ಯಾರು?"

ಭಾನುವಾರ ಬೆಳಿಗ್ಗೆ ಮಗಳೊಂದಿಗೆ ಬಂದವಳು ತೆಳ್ಳನೆಯ ಕಾಗದವೊಂದನ್ನು ಗೋಡೆಗೆ ಅಂಟಿಸಿ, ಮಧ್ಯಾಹ್ನದವರೆಗೂ ಕಾಯ್ದಳು. ಬಿಡಿಸಿ ಕಿವಿಯ ಹತ್ತಿರ ಅಲ್ಲಾಡಿಸಿದಾಗ ಅದು ಪರಪರ ಸದ್ದು ಮಾಡಿತು. ಅವಳ ಮುಖ ಅರಳಿತು.

"ಗರಿಗರಿಯಾಗಿದೆ! ನಾಳೇನೇ ಬರ್ತೀವಿ."

"ನಾಳೆ ಯಾಕೆ, ಈಗ್ಲೇ ಬನ್ನಿ" ಎಂದು ನರ್ಸಮ್ಮ ಗಾಡಿಯವನನ್ನು ಕರೆಯಲು ತಾವೇ ಬೀದಿಗೆ ಓಡಿದರು.