ಎರಡನೆಯ ಟ್ಯಾಂಕು

ಅಕ್ಕ ಅಂಬಮ್ಮನ ಮೊದಲ ಕೂಸು ರಾಯಚೂರಿನ ಆಸ್ಪತ್ರೆಯ ದಾರಿಯಲ್ಲಿ, ಗಬ್ಬೂರು ದಾಟಿದ ಮೇಲೆ, ನಮ್ಮಣ್ಣನ ಕಾರಿನ ಹಿಂದಿನ ಸೀಟಿನಲ್ಲಿ ಹುಟ್ಟಿ ಅಲ್ಲೇ ತೀರಿಕೊಂಡಿತು. ಪೆಟ್ರೋಲು ಮುಗಿದು ಕಾರು ನಿಂತಿತ್ತು. ಅಣ್ಣ ದುರುಗಪ್ಪ ಖಾಲಿ ಕ್ಯಾನು ಹಿಡಿದು ಕಲ್ಮಲದ ದಿಕ್ಕಿಗೆ ಓಡಿದ್ದ. ಅವನು ಯಾವುದೋ ಲಾರಿ ಹತ್ತಿ ತಿರುಗಿ ಬರುವಷ್ಟರಲ್ಲಿ ಅಕ್ಕ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಕಾರಿನ ಬಾಗಿಲು ತೆರೆದಿಟ್ಟು ಕುಳಿತಿದ್ದಳಂತೆ. "ಸಿಕ್ಕಿತೇನೋ?" ಎಂದು ಕೇಳಿದಳಂತೆ. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅಣ್ಣ ಎಷ್ಟೋ ಸಲ ಹೇಳಿದ್ದಾನೆ.

ಎಂಬತ್ತರ ಬೇಸಿಗೆಯಲ್ಲಿ ಅಕ್ಕ ಮತ್ತೆ ಹೆರಿಗೆಗೆಂದು ಜಾಲಹಳ್ಳಿಯ ಗಂಡನ ಮನೆಯಿಂದ ದೇವದುರ್ಗಕ್ಕೆ ಬಂದಳು. ಈ ಸಲ ರಾಯಚೂರಿನ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು, ಮನೆಯಲ್ಲಿ ಸೂಲಗಿತ್ತಿಯ ಕೈಗೆ ಕೊಡಬೇಡಿ ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದರು. ಅಪ್ಪ, ಅವ್ವ ಇಲ್ಲದ ಮನೆ. ಅಜ್ಜಿ ಬೂದೆಮ್ಮ, ಅಣ್ಣ, ನಾನು, ಮೂವರೇ. ಅಣ್ಣ ಹಳೆಯ ಅಂಬಾಸಿಡರ್ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದ. ಆ ವರ್ಷವೋ ಪೆಟ್ರೋಲು ಕಣ್ಣಿಗೆ ಬೀಳುವುದೇ ಅಪರೂಪ. ಎಂಟು ಹತ್ತು ದಿನಕ್ಕೊಮ್ಮೆ ಬಂಕಿಗೆ ಟ್ಯಾಂಕರು ಬರುತ್ತಿತ್ತು, ಸಂಜೆಗೆ ಮುಗಿಯುತ್ತಿತ್ತು. ಬಂದ ದಿನ ಸಿಕ್ಕಷ್ಟು ತುಂಬಿಸಿಕೊಂಡವನೇ ಜಾಣ. ಅಣ್ಣ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ತುಂಬಿ ಡಿಕ್ಕಿಯಲ್ಲಿ ಇಟ್ಟುಕೊಳ್ಳುತ್ತಿದ್ದ. ಕಾರಿನ ಸೀಟು, ಅವನ ಅಂಗಿ, ಅವನು ಮುಟ್ಟಿದ ರೊಟ್ಟಿ ಎಲ್ಲದಕ್ಕೂ ಪೆಟ್ರೋಲಿನ ವಾಸನೆ ಹತ್ತಿತ್ತು.

ಇದನ್ನು ನೋಡಿ ಬೈದವನು ಮಾನ್ವಿಯ ಬುಡ್ಡೇಸಾಬ. ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಷೆಡ್ಡು ಹಾಕಿಕೊಂಡಿದ್ದ ಮುದುಕ. ಅಣ್ಣ ಗಾಡಿ ಕೆಲಸ ಕಲಿತದ್ದು ಅವನ ಕೈಯಲ್ಲೇ.

"ಅರೆ ದುರುಗ್ಯಾ, ಇದು ಡಿಕ್ಕಿ ಅಲ್ಲಲೇ, ಚಿತಿ! ಹಿಂದಿನಿಂದ ಒಬ್ಬ ಢಿಕ್ಕಿ ಹೊಡದ್ರ ನೀನೂ ಇಲ್ಲ, ನಿನ್ನ ಹಿಂದ ಕುಂತಾಕಿನೂ ಇಲ್ಲ."

"ಮತ್ತೇನು ಮಾಡ್ಲಿ ಉಸ್ತಾದ? ತಂಗಿ ಹೊಟ್ಟಿಲೆ ಕುಂತಾಳ. ಬಂಕಿನ್ಯಾಗ ಇಲ್ಲಂದ್ರ?"

"ಎರಡನೇ ಟ್ಯಾಂಕು ಹಾಕೋಣು. ಆದ್ರ ನಾ ಹೇಳಿದಂಗ. ನಿನ್ನ ಅವಸರ ನಿನ್ನ ಹಂತ್ಯಾಕ ಇಟ್ಕೋ."

ಅವನು ಹಳೆಯ ಡ್ರಮ್ಮು, ಡಬ್ಬ ಯಾವುದನ್ನೂ ಒಪ್ಪಲಿಲ್ಲ. ಹೊಸ ದಪ್ಪ ತಗಡು ತಂದು ಟ್ಯಾಂಕು ಮಾಡಿದ. ಅದನ್ನು ತರಲು ಅಣ್ಣನ ಜೊತೆ ನಾನೂ ಬಸ್ಸಿನಲ್ಲಿ ಹೋಗಿದ್ದೆ. ಟ್ಯಾಂಕಿನೊಳಗೆ ನೀರು ತುಂಬಿ, ಹೊರಗೆ ಬೆಸುಗೆಯ ಹೊಲಿಗೆಯುದ್ದಕ್ಕೂ ಸುಣ್ಣದ ಪುಡಿ ಬಳಿದು, ಎಲ್ಲಾದರೂ ಒದ್ದೆಯಾಗುತ್ತದೋ ಎಂದು ಒಂದು ದಿನ ಕಾದಿದ್ದನಂತೆ. ಒಳಗೆ ಎರಡು ಅಡ್ಡ ತಗಡು ಕೂರಿಸಿದ್ದ. ಕಾರು ತಿರುಗಿದಾಗ ಪೆಟ್ರೋಲು ಒಂದೇ ಕಡೆ ನುಗ್ಗಬಾರದು. ಡಿಕ್ಕಿಗೂ ಸೀಟಿಗೂ ನಡುವೆ ಪೂರ್ತಿ ತಗಡು ಹಾಕಬೇಕು. ಟ್ಯಾಂಕಿನ ಉಸಿರಿಗೆ ಒಂದು ಕೊಳವೆ ಬೇಕು, ಅದು ಡಿಕ್ಕಿಯೊಳಗೆ ಬಾಯಿ ಬಿಡಬಾರದು, ಕಾರಿನ ಹೊಟ್ಟೆ ದಾಟಿ ಹೊರಗೆ ಇಳಿಯಬೇಕು.

"ಆ ಕೊಳವಿ ಎಲ್ಲಿ ಬಗ್ಗಬೇಕು ಅನ್ನೋದು ಕಾರು ನೋಡೇ ಹೇಳಬೇಕು. ಅಲ್ಲೇ ಬಂದು ಬೆಸುಗೆ ಹಾಕ್ತೀನಿ, ಐತವಾರ. ಅಲ್ಲೀತನಕ," ಎಂದು ಟ್ಯಾಂಕಿನ ಎರಡೂ ಬಾಯಿಗೆ ಬಟ್ಟೆ ಸುತ್ತಿದ ಬೆಣೆ ಬಡಿಯುತ್ತ ಅಣ್ಣನ ಮುಖ ನೋಡಿದ, "ಒಂದು ಹನಿ ಹಾಕಬ್ಯಾಡ. ಖಾಲಿ ಇರಲಿ. ಕೇಳಿಸ್ತಿಲ್ಲೋ?"

"ಕೇಳಿಸ್ತು ಉಸ್ತಾದ."

ನನಗೂ ಕೇಳಿಸಿತ್ತು.

ಟ್ಯಾಂಕು ಹೊಸ್ತಿಲು ದಾಟಿದ ಕೂಡಲೇ ಅಜ್ಜಿ ಬೆರಳಿನಿಂದ ಬಡಿದು ನೋಡಿದಳು. ಟೊಣ್ ಎಂದಿತು.

"ಯಾಕೋ, ಮನ್ಯಾಗ ಬಸುರಿ ಹೆಂಗಸದಾಳ. ಹೊಸಾ ಪಾತ್ರಿ ಬರಿದ ತಂದು ಇಟ್ಟೀಯಲ್ಲ, ನಿನಗ ತಲಿ ಅದ ಇಲ್ಲೋ?"

"ಅದು ಪಾತ್ರಿ ಅಲ್ಲಬೇ ಆಯಿ, ಟ್ಯಾಂಕು."

"ಒಳಗ ಏನರ ಹಾಕ್ತಾರಿಲ್ಲೋ?"

"ಪೆಟ್ರೋಲು ಹಾಕ್ತಾರ."

"ಹಂಗಾರ ಪಾತ್ರಿನೇ. ತಡಿ, ನಾಕು ಕಾಳು ಜ್ವಾಳ ಹಾಕ್ತೀನಿ."

"ಜ್ವಾಳ ಹಾಕಿದ್ರ ಕಾರು ರೊಟ್ಟಿ ಬಡೀತದ ನೋಡು, ಓಡಂಗಿಲ್ಲ!" ಅಣ್ಣ ನಕ್ಕು, ಟ್ಯಾಂಕನ್ನು ಪಡಸಾಲೆಯ ಮೂಲೆಯಲ್ಲಿಟ್ಟು, ಸ್ನಾನಕ್ಕೆ ಹೋದ. ಅಕ್ಕನೂ ನಕ್ಕಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು. ನನಗೆ ಮಾತ್ರ ನಗು ಬರಲಿಲ್ಲ.

ನಮ್ಮಲ್ಲಿ ಹೊಸ ಕೊಡ, ಹೊಸ ಗಡಿಗೆ ಯಾವುದೂ ಬರಿದಾಗಿ ಮನೆಗೆ ಬರುವುದಿಲ್ಲ. ನೆರೆಯವರ ಪಾತ್ರೆ ತಿರುಗಿಸಿ ಕೊಡುವಾಗಲೂ ಒಂದು ಹರಳು ಉಪ್ಪಾದರೂ ಇರಬೇಕು. ಅಜ್ಜಿ ಅದಕ್ಕೊಂದು ಕಥೆ ಹೇಳುತ್ತಿದ್ದಳು. ಬರಿದು ಎಂಬ ಮುದುಕಿಯೊಬ್ಬಳು ದಾರಿ ಹಿಡಿದು ನಡೆಯುತ್ತಿರುತ್ತಾಳೆ. ಅವಳಿಗೆ ಮನೆಯಿಲ್ಲ. ಏನೂ ಇಲ್ಲದ ಪಾತ್ರೆ ಕಂಡರೆ ಅದರೊಳಗೆ ಕಾಲು ಮಡಚಿಕೊಂಡು ಕುಳಿತು ಬಿಡುತ್ತಾಳೆ. ಆ ಪಾತ್ರೆ ಹೊತ್ತು ತಂದವರ ಮನೆಯಲ್ಲಿ ಮೊದಲು ಬರಿದಾಗುವುದು ತೊಟ್ಟಿಲು. ಹತ್ತೊಂಬತ್ತು ವರ್ಷದವಳಾಗಿದ್ದರೂ ನಾನು ಆ ಮುದುಕಿಯ ಹೆಜ್ಜೆ ಸಪ್ಪಳ ಕೇಳಬಲ್ಲೆ ಎಂದುಕೊಂಡಿದ್ದೆ. ಬಸ್ಸಿನಲ್ಲಿ ಟ್ಯಾಂಕು ನನ್ನ ಕಾಲ ಬಳಿಯೇ ಇತ್ತು. ಸಿರವಾರದ ದಾರಿಯುದ್ದಕ್ಕೂ ಒಳಗೆ ಯಾರೋ ನಿಟ್ಟುಸಿರು ಬಿಟ್ಟಂತೆ ಅನಿಸಿತ್ತು.

ಜೋಳ ಹಾಕಿದರೆ ಕಾರು ಕೆಡುತ್ತದೆ. ಆದರೆ ಜೋಳದ ಗಡಿಗೆಗೆ ಜೋಳ ಇರುವಂತೆ ಇದಕ್ಕೂ ಇದರದೇ ಕಾಳು ಇರುತ್ತದಲ್ಲ ಎಂದು ನನಗೆ ಹೊಳೆಯಿತು. ಕಾರಿನ ಸಾಮಾನು ತೊಳೆಯಲು ಅಣ್ಣ ಗೋಡೆಯ ಮಾಡದಲ್ಲಿ ಒಂದು ಬಾಟಲಿ ಪೆಟ್ರೋಲು ಇಟ್ಟಿರುತ್ತಿದ್ದ. ಅವನು ಬಚ್ಚಲಲ್ಲಿದ್ದಾಗ ಬೆಣೆ ಕಿತ್ತು ಒಂದು ಗ್ಲಾಸಿನಷ್ಟು ಸುರಿದೆ. ಬೆಣೆಯನ್ನು ಮೊದಲಿದ್ದಂತೆಯೇ ಬಡಿದೆ. ಮನಸ್ಸು ಹಗುರಾಯಿತು. ಮೂರು ದಿನ ನೆಮ್ಮದಿಯಿಂದ ಮಲಗಿದೆ.

ಭಾನುವಾರ ಬೆಳಿಗ್ಗೆ, ಬುಡ್ಡೇಸಾಬ ಬರುವುದಕ್ಕೆ ಮುಂಚೆ, ಟ್ಯಾಂಕನ್ನು ಬಗ್ಗಿಸಿ ಅದನ್ನೆಲ್ಲ ಬಾಟಲಿಗೆ ತಿರುಗಿ ಸುರಿದೆ. ಅಲುಗಾಡಿಸಿ ನೋಡಿದೆ. ಹನಿ ಬೀಳಲಿಲ್ಲ. ಅವನು ಖಾಲಿ ಇರಲಿ ಎಂದಿದ್ದ, ಖಾಲಿ ಆಯಿತು. ಮತ್ತೆ ಬೆಣೆ ಬಡಿದೆ.

ಅವನು ಫಟಫಟಿಯ ಹಿಂದೆ ಸಾಮಾನಿನ ಚೀಲ ಕಟ್ಟಿಕೊಂಡು ಬಂದ. ಅಂಗಳದ ಬೇವಿನ ಕೆಳಗೆ ಕಾರು ನಿಂತಿತ್ತು. ಅದರ ಟ್ಯಾಂಕಿನಲ್ಲಿ ರಾಯಚೂರು ಮುಟ್ಟುವಷ್ಟು ಮಾತ್ರ ಪೆಟ್ರೋಲಿತ್ತು. ಅದು ಅಕ್ಕನದು ಎಂದು ಅಣ್ಣ ಒಂದು ವಾರದಿಂದ ಬಾಡಿಗೆಯನ್ನೇ ಬಿಟ್ಟಿದ್ದ. ಮುಂದಿನ ಟ್ಯಾಂಕರು ಬಂದಾಗ ಎರಡೂ ತುಂಬಿಸಿಟ್ಟರೆ ಯಾವ ಗಳಿಗೆಯಲ್ಲಿ ನೋವು ಕಾಣಿಸಿಕೊಂಡರೂ ಹೆದರಿಕೆಯಿಲ್ಲ.

ಡಿಕ್ಕಿಯ ನೆಲಕ್ಕೆ ರಬ್ಬರು ಹಾಸಿ, ಪಟ್ಟಿ ಕೂರಿಸಿ, ನಡುವಿನ ತಗಡು ಬಿಗಿದು, ಕೊನೆಗೆ ಕೊಳವೆಯ ಅಳತೆ ತೆಗೆದುಕೊಂಡು ಬುಡ್ಡೇಸಾಬ ಟ್ಯಾಂಕನ್ನು ಕಾರಿನ ಹಿಂದೆಯೇ ನೆಲದ ಮೇಲಿಟ್ಟ. ಮೂಗು ಹತ್ತಿರ ತಂದ. ಡಿಕ್ಕಿಗೇ ಆರು ತಿಂಗಳ ಪೆಟ್ರೋಲಿನ ವಾಸನೆ, ಅದರಲ್ಲಿ ಯಾವುದು ಯಾವುದರದೆಂದು ಯಾರಿಗೆ ತಿಳಿಯಬೇಕು?

"ಇದರಾಗ ಏನೂ ಹಾಕಿಲ್ಲಲ್ಲೋ?"

"ನೀವು ಬಡದ ಬೆಣಿ ಹಂಗೇ ಅದ ಉಸ್ತಾದ. ಪೆಟ್ರೋಲಿನ ಮಾರೀನೇ ನೋಡಿಲ್ಲ ಅದು."

"ಹಳೇದಿದ್ರ ನೀರು ತುಂಬಿ ಬೆಸುಗೆ ಹಾಕ್ತಿದ್ದೆ. ಹೊಸಾದು. ಹಿಡಿ ಗಟ್ಟಿಯಾಗಿ."

ನಾನು ಚಹಾದ ಲೋಟ ಹಿಡಿದು ಐದು ಮಾರು ದೂರದಲ್ಲಿ ನಿಂತಿದ್ದೆ. ಹೇಳಲೇ ಎಂದು ಒಂದು ಕ್ಷಣ ಅನಿಸಿತು. ಈಗ ಅದರಲ್ಲಿ ಏನೂ ಇಲ್ಲವಲ್ಲ, ಹೇಳಿ ಬೈಸಿಕೊಳ್ಳುವುದೇಕೆ ಎಂದುಕೊಂಡೆ. ಬುಡ್ಡೇಸಾಬ ಬೆಣೆ ಕಿತ್ತು, ಬೆಸುಗೆಯ ಸೀಮೆಎಣ್ಣೆ ಬ್ಲೋಲ್ಯಾಂಪಿಗೆ ಗಾಳಿ ಹೊಡೆದ. ನೀಲಿ ನಾಲಗೆ ಹೊರಟಿತು. ಅಣ್ಣ ಟ್ಯಾಂಕನ್ನು ಅಪ್ಪಿ ಹಿಡಿದು, ಬಾಯಿಯ ಮೇಲೆ ಬಗ್ಗಿ, ಕೊಳವೆ ನೆಟ್ಟಗಿದೆಯೇ ಎಂದು ನೋಡುತ್ತಿದ್ದ.

ದೊಡ್ಡ ಸದ್ದೇನೂ ಆಗಲಿಲ್ಲ. ಡೊಳ್ಳಿಗೆ ಒಂದೇ ಪೆಟ್ಟು ಬಿದ್ದಂತೆ ಧಡ್ ಎಂದಿತು. ಟ್ಯಾಂಕಿನ ಬಾಯಿಯಿಂದ ಬೆಂಕಿ ನೆಟ್ಟಗೆ ಅವನ ಮುಖಕ್ಕೇ ಎದ್ದು, ಎದ್ದಷ್ಟೇ ಬೇಗ ಆರಿತು. ಅಣ್ಣ ಎರಡೂ ಕೈಯಿಂದ ಮುಖ ಹುಡುಕಿಕೊಂಡ.

ಬುಡ್ಡೇಸಾಬನ ಗಡ್ಡ ಅರ್ಧ ಸುಟ್ಟಿತ್ತು. ಅದನ್ನು ನೋಡಿಕೊಳ್ಳದೆ ಅವನು ಅಣ್ಣನನ್ನು ಎತ್ತಿ ಕಾರಿನೊಳಗೆ ಹಾಕಿ, ತಾನೇ ಓಡಿಸಲು ಕುಳಿತ. ಕಾರಿನಲ್ಲಿದ್ದ ಪೆಟ್ರೋಲು ಒಂದೇ ಸಲ ಹೋಗುವಷ್ಟು. ಅದನ್ನು ಮೊದಲು ಲೆಕ್ಕಕ್ಕೆ ತಂದುಕೊಂಡವಳು ಅಜ್ಜಿ.

"ಅಂಬೀ, ನೀನೂ ಹತ್ತು."

"ನನಗಿನ್ನಾ ದಿನ ಅದಾವ ಆಯಿ..."

"ಹತ್ತಬೇ ಅಂದೆ! ಈ ಕಾರು ಇವತ್ತು ಹೋತಂದ್ರ ಮತ್ತ ಯಾವಾಗ ಬರತದೋ."

ಅಕ್ಕ ಹತ್ತಿದಳು. ಅದೇ ಹಿಂದಿನ ಸೀಟು. ಸುಟ್ಟ ತಲೆಯನ್ನು ಅವಳು ತೊಡೆಯ ಮೇಲೆ ಇಟ್ಟುಕೊಂಡಳು. ಅವನ ತಲೆಗೂ ಅವಳ ಹೊಟ್ಟೆಗೂ ನಡುವೆ ನಾನು ಒದ್ದೆ ಧೋತರ ಹಿಡಿದು ಕಾಲ ಬಳಿ ಕುಳಿತೆ. ಗಬ್ಬೂರು ದಾಟಿತು. ಅಕ್ಕ ಕಿಟಕಿಯ ಹೊರಗೆ ನೋಡಲಿಲ್ಲ. ಅಣ್ಣ ಒಮ್ಮೆ ಮಾತ್ರ ಮಾತಾಡಿದ. "ಯಾವೂರು ಬಂತು?"

"ಕಲ್ಮಲ," ಅಂದಳು ಅಕ್ಕ.

"ಹಂಗಾರ ಮುಟ್ಟತದ ಬಿಡು."

ಮುಟ್ಟಿತು. ಅಕ್ಕ ಅಂದಿನಿಂದ ಆಸ್ಪತ್ರೆಯ ಸಮೀಪದಲ್ಲೇ, ಬುಡ್ಡೇಸಾಬನ ಅಕ್ಕ ಬಡೇಬೀಯ ಮನೆಯಲ್ಲಿ ಉಳಿದಳು. ಹನ್ನೆರಡನೆಯ ದಿನ ಗಂಡು ಕೂಸು ಹುಟ್ಟಿತು. ಅಳುತ್ತ ಹುಟ್ಟಿತು, ಬದುಕಿತು. ಅದೇ ವಾರ ಅಣ್ಣನ ಕಣ್ಣಿನ ಪಟ್ಟಿ ಬಿಚ್ಚಿದರು. ಅವನು ಇನ್ನೂ ಬಿಚ್ಚಿಲ್ಲ ಎಂದುಕೊಂಡು ಕಾಯುತ್ತ ಕುಳಿತಿದ್ದ.

ಆಸ್ಪತ್ರೆಯ ಮೊಗಸಾಲೆಯಲ್ಲಿ ನಾನು ಬುಡ್ಡೇಸಾಬನಿಗೆ ಎಲ್ಲ ಹೇಳಿದೆ. ಅವನು ನನ್ನ ಕಡೆ ನೋಡದೆ ಕೇಳಿದ.

"ಎಷ್ಟು ಹಾಕಿದ್ದೆ?"

"ಒಂದು ಗ್ಲಾಸು. ಮತ್ತ ತಗದೆ ಕಾಕಾ, ಪೂರಾ ತಗದೆ. ಹನಿ ಇರಲಿಲ್ಲ."

"ಎಣ್ಣಿ ಹೋಗ್ತದ ಯವ್ವಾ, ಅದರ ಹವಾ ಹೋಗಂಗಿಲ್ಲ. ತುಂಬಿದ ಟ್ಯಾಂಕಿಗಿಂತ ಖಾಲಿ ಮಾಡಿದ ಟ್ಯಾಂಕು ಕೆಟ್ಟದ್ದು." ಆಮೇಲೆ ಹೇಳಿದ. "ನಾ ನಿಮ್ಮಣ್ಣನ್ನ ಕೇಳಿದೆ. ಮನಿ ಹೆಣ್ಮಕ್ಕಳನ್ನ ಕೇಳಲಿಲ್ಲ. ನಲವತ್ತು ವರ್ಷದಾಗ ಒಮ್ಮಿನೂ ಕೇಳಿಲ್ಲ."

"ಅಣ್ಣಗ ಹೇಳ್ತೀನಿ."

"ಹುಚ್ಚಿ. ಅವಂಗ ಸಿಟ್ಟು ಮಾಡಾಕ ಒಬ್ಬ ಬೇಕು, ನಾನದೀನಿ. ನಿನ್ನ ಮ್ಯಾಲ ಮಾಡಿದ್ರ ಅವಂಗ ತುತ್ತು ಹಾಕೋರು ಯಾರು?"

ಹೀಗೆ ನಾನು ಸುಮ್ಮನಾದೆ. ಮನೆಗೆ ತಿರುಗಿ ಬಂದ ಮೇಲೆ, ಕೈಗಳೂ ಸುಟ್ಟು ಬೆರಳು ಮುರುಟಿದ್ದರಿಂದ ಅಣ್ಣನಿಗೆ ದಿನಕ್ಕೆ ಎರಡು ಹೊತ್ತು ನಾನೇ ಉಣಿಸುತ್ತಿದ್ದೆ. ಪ್ರತಿ ತುತ್ತಿಗೂ ಅವನು ಬುಡ್ಡೇಸಾಬನನ್ನು ಬೈಯುತ್ತಿದ್ದ. ಕಳ್ಳ ತಗಡು ಹಾಕಿದ, ಒಳಗೆ ಏನೋ ಬಿಟ್ಟಿದ್ದ, ಮುಪ್ಪಿನಲ್ಲಿ ಕೈ ನಡುಗಿತು. ಊರವರೂ ಹಾಗೆಯೇ ಹೇಳತೊಡಗಿದರು. ಮಾನ್ವಿಯ ಷೆಡ್ಡಿಗೆ ಯಾರೂ ಗಾಡಿ ಒಯ್ಯುವುದಿಲ್ಲ ಎಂದು ಕೇಳಿಬಂತು. ನಾನು ರೊಟ್ಟಿ ಮುರಿದು, ಪಲ್ಯ ಹಚ್ಚಿ, ಅವನ ಬಾಯಿಗೆ ಇಡುತ್ತಿದ್ದೆ. ಬೈಗುಳವೂ ರೊಟ್ಟಿಯೂ ಒಂದೇ ಬಾಯಿಂದ ಹೋಗಿ ಬರುತ್ತಿದ್ದವು.

ಮಳೆಗಾಲದ ಒಂದು ಮಧ್ಯಾಹ್ನ ಬಾಗಿಲ ಹೊರಗೆ ಫಟಫಟಿ ನಿಂತಿತು. ಅಕ್ಕ ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಸದ್ದು ಕೇಳಿ ಅಣ್ಣ ಅಗಿಯುವುದನ್ನು ನಿಲ್ಲಿಸಿದ.

"ಯಾರು ಬಂದಾರ, ಬಂಡೆವ್ವಾ?"

"ಉಸ್ತಾದ," ಅಂದೆ ನಾನು.

"ಒಳಗ ಬರಬ್ಯಾಡನ್ನು. ನನ್ನ ಕಣ್ಣು ತಿಂದವಂಗ ನಮ್ಮ ಮನ್ಯಾಗ ನೀರು ಸೈತ ಇಲ್ಲ."

ಬುಡ್ಡೇಸಾಬ ಹೊಸ್ತಿಲ ಆಚೆಯೇ ನಿಂತಿದ್ದ. ಗಡ್ಡ ಒಂದು ಕಡೆ ಮತ್ತೆ ಬೆಳೆದಿರಲಿಲ್ಲ. ನನ್ನ ಕಡೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದ, ತಿರುಗಿ ಮೆಟ್ಟಿಲಿಳಿಯತೊಡಗಿದ.

ನಾನು ತಟ್ಟೆ ಕೆಳಗಿಟ್ಟೆ. "ಅವ್ರಲ್ಲ ಅಣ್ಣಾ. ಟ್ಯಾಂಕಿಗೆ ಪೆಟ್ರೋಲು ಹಾಕಿದಾಕಿ ನಾನು," ಅಂದೆ. ಮಾತು ಮುಗಿಯುವವರೆಗೂ ಅವನು ಮುಖವನ್ನು ನನ್ನ ಕಡೆಗೇ ಹಿಡಿದಿದ್ದ, ಕಾಣುವವನಂತೆ. ಆಮೇಲೆ ಬಾಯಿಯಲ್ಲಿದ್ದ ತುತ್ತನ್ನು ಮುರುಟಿದ ಅಂಗೈಗೆ ಉಗುಳಿಕೊಂಡು, ಗೋಡೆಯ ಕಡೆ ತಿರುಗಿ ಕುಳಿತ.

ಅಂದು ಅವನು ಉಣ್ಣಲಿಲ್ಲ. ರಾತ್ರಿ ಅಕ್ಕ ತಟ್ಟೆ ಹಿಡಿದು ಹೋದಾಗ ಉಂಡ. ಮರುದಿನವೂ ನಾನು ರೊಟ್ಟಿ ಬಡಿದು, ಮುರಿದು, ತುತ್ತು ಮಾಡಿ ಅಕ್ಕನ ಕೈಗೆ ಕೊಟ್ಟೆ.