ಬೇರೆ ಮನೆಯ ಕೈ

ಬಿತ್ತನೆಯ ಮೊದಲ ಹಿಡಿ ಬೀಜವನ್ನು ಹೊಲದವರೇ ಚೆಲ್ಲಬಾರದು. ಅದು ಬೇರೆ ಮನೆಯವರ ಕೈಯಿಂದ ಬೀಳಬೇಕು. ಆಮೇಲೆ ಇವರು ಹೋಗಿ ಅವರ ಹೊಲಕ್ಕೆ ಚೆಲ್ಲಿ ಬರಬೇಕು. ನಮ್ಮಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ ಇದು.

ನನ್ನ ಹೊಲಕ್ಕೆ ಬದುವಿನಾಚೆಯ ನಾದಿನಿ ಚೆಲ್ಲುತ್ತಿದ್ದಳು, ಅವಳದಕ್ಕೆ ನಾನು. ಮಹಾ ಜಗಳಗಂಟಿ ಅವಳು. ನಾನೇನು ಕಡಿಮೆಯಲ್ಲ. ಒಂದು ಕೋಳಿಯ ವಿಷಯಕ್ಕೆ ಮಾತು ಬಿಟ್ಟ ವರ್ಷವೂ ಮುಖ ಊದಿಸಿಕೊಂಡೇ ಬಂದು, ಬೀಜ ಚೆಲ್ಲಿ, ಸೆರಗು ಕೊಡವಿ ಹೋಗಿದ್ದಳು. ನಾನೂ ಹಾಗೇ ಮಾಡಿ ಬಂದೆ. ಸಿಟ್ಟು ಬೇರೆ, ಬಿತ್ತನೆ ಬೇರೆ.

ಕಳೆದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಅವಳ ಹೊಲವನ್ನು ಯಾವುದೋ ಕಂಪನಿ ಗುತ್ತಿಗೆಗೆ ಹಿಡಿಯಿತು. ಸುತ್ತಲಿನ ಹೊಲಗಳೂ ಈಗ ಅವರ ಕೈಯಲ್ಲೇ. ಈ ಸಲ ಮಳೆ ಬಿದ್ದು ನೆಲ ಹದಕ್ಕೆ ಬಂದಾಗ ಬೀಜದ ಬುಟ್ಟಿ ಇಟ್ಟುಕೊಂಡು ಬದುವಿನ ಮೇಲೆ ಕೂತೆ. ಯಾರನ್ನು ಕರೆಯಲಿ? ನಾನೇ ಚೆಲ್ಲಿದರೆ ಬೆಳೆ ಬರುವುದಿಲ್ಲವೇ, ಬರುತ್ತದೆ. ಆದರೆ ನನಗಿನ್ನು ಯಾರೂ ಇಲ್ಲವೆಂದು ನಾನೇ ಒಪ್ಪಿಕೊಂಡ ಹಾಗಾಗುತ್ತದೆ. ಅದು ನನ್ನಿಂದಾಗದು.

ನಾದಿನಿಯ ಹೊಲದಲ್ಲಿ ಬಿತ್ತುವ ಮಿಷನ್ ಕಟ್ಟಿದ ಟ್ರಾಕ್ಟರ್ ಓಡಾಡುತ್ತಿತ್ತು. ಕೈ ಬೀಸಿ ನಿಲ್ಲಿಸಿ, ಡ್ರೈವರನಿಗೆ ವಿಷಯ ಹೇಳಿದೆ. ಅವನು ತಲೆ ಕೆರೆದುಕೊಂಡ.

"ನಂಗೆ ಕೈಯಲ್ಲಿ ಬಿತ್ತಿ ಗೊತ್ತಿಲ್ಲಮ್ಮ. ಬೀಜ ಮುಟ್ಟೋದೂ ಇಲ್ಲ, ಎಲ್ಲಾ ಮಿಷನ್ನೇ ಮಾಡುತ್ತೆ."

"ಗೊತ್ತಿರೋದೇನೂ ಬೇಡ. ನೀನು ಬೇರೆ ಮನೆಯವನು, ಅಷ್ಟು ಸಾಕು."

ಇಳಿದು ಬಂದ. ಚಪ್ಪಲಿ ಬಿಡು ಎಂದೆ, ಬಿಟ್ಟ. ಹಿಡಿ ತುಂಬ ತೆಗೆದುಕೊಂಡು ಮುಷ್ಟಿ ಬಿಚ್ಚಿದ. ಬೀಜವೆಲ್ಲ ಅವನ ಪಾದದ ಹತ್ತಿರವೇ ಗುಡ್ಡೆಯಾಗಿ ಬಿತ್ತು. ನಾದಿನಿ ನೋಡಿದ್ದರೆ ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಎಷ್ಟೋ ದಿನದ ಮೇಲೆ ನನಗೂ ನಗು ಬಂತು.

"ಈಗ ನಿನ್ನ ಹೊಲ ಎಲ್ಲಿದೆ ಹೇಳು. ನಾನು ಬಂದು ಚೆಲ್ಲಬೇಕು," ಎಂದು ಬಲಗೈಯಲ್ಲಿ ಒಂದು ಹಿಡಿ ತೆಗೆದುಕೊಂಡೆ.

"ನಂಗೆಲ್ಲಿಯ ಹೊಲಾಮ್ಮ. ಇರೋದೊಂದು ಬಾಡಿಗೆ ರೂಮು, ಅದೂ ಮೂರನೇ ಮಹಡಿ. ನಾಳೆ ಬೇರೆ ಊರಿಗೆ ಕಳಿಸ್ತಾರೆ."

ಚಪ್ಪಲಿ ಮೆಟ್ಟಿಕೊಂಡು ಹೋಗಿ ಟ್ರಾಕ್ಟರ್ ಹತ್ತಿದ. ನಾದಿನಿಯ ಹೊಲವೇನೋ ಪಕ್ಕದಲ್ಲೇ ಇತ್ತು. ಆದರೆ ಅಲ್ಲಿ ಬಿತ್ತನೆ ಮುಗಿಯುತ್ತ ಬಂದಿತ್ತು, ಮೊದಲ ಹಿಡಿಗೆ ಜಾಗ ಉಳಿದಿರಲಿಲ್ಲ.

ಬುಟ್ಟಿಯನ್ನು ಬಲಮೊಣಕೈಗೆ ಸಿಕ್ಕಿಸಿಕೊಂಡು ನನ್ನ ಹೊಲಕ್ಕೆ ಇಳಿದೆ. ಸಂಜೆಯವರೆಗೂ ಎಡಗೈಯಿಂದಲೇ ಬಿತ್ತಿದೆ. ಬಲಗೈ ಮುಷ್ಟಿಯಲ್ಲಿ ಅವನಿಗೆಂದು ತೆಗೆದ ಹಿಡಿ ಹಾಗೇ ಇತ್ತು. ಆ ಬೀಜ ನನ್ನ ಹೊಲದ್ದಲ್ಲ.